ಎಡಗಾಲಿನ ಜೋಡು

ಪೊಲೀಸಿನವನು ಚೀಲದಿಂದ ತೆಗೆದು ಹಲಗೆಯ ಮೇಲಿಟ್ಟ ಎಡಗಾಲಿನ ಜೋಡನ್ನು ಕಂಡಕೂಡಲೇ, ಜೋಡು ಹೊಲಿಯುವ ಮುದುಕನಿಗೆ ತನ್ನ ತಂಗಿ ಇನ್ನಿಲ್ಲವೆಂದು ತಿಳಿಯಿತು. ಕೈಯಲ್ಲಿದ್ದ ದಬ್ಬಳ ಹಿಡಿದಂತೆಯೇ ನಿಂತುಹೋಯಿತು.

“ಗಡಿಬೇಲಿ ಹತ್ರ ಹಳ್ಳದಲ್ಲಿ ಒಬ್ಬ ಹೆಂಗಸಿನ ಹೆಣ ಸಿಕ್ಕಿದೆ, ಯಜಮಾನ್ರೇ. ಐವತ್ತು ದಾಟಿರಬೇಕು. ಚಳಿಗೇ ಹೋಗಿದ್ದಾಳೆ ಅಂತಾರೆ ಡಾಕ್ಟ್ರು. ಕಾಗದ ಪತ್ರ ಏನೂ ಇಲ್ಲ, ಈ ಜೋಡೇ ಗುರುತು. ಬೀದೀಲಿರೋ ಎಲ್ಲಾ ಅಂಗಡಿಗೂ ಹೋಗಿಬಂದೆ. ಇಷ್ಟು ಒತ್ತಾಗಿ ಹೊಲಿಯೋರು ಇಲ್ಲಿ ಒಬ್ಬರೇ ಅಂತ ನಿಮ್ಮ ಕಡೆ ಕೈ ತೋರಿಸಿದ್ರು.”

“ನಮ್ಮ ಅಂಗಡೀದಲ್ಲ ಸಾರ್,” ಎಂದಳು ಮುದುಕನ ಮಗಳು. ಹೊಲಿಗೆಯಂತ್ರದ ಮುಂದೆ ಕೂತಿದ್ದ ಅವಳು ಜೋಡಿನ ಕಡೆ ಸರಿಯಾಗಿ ನೋಡಿಯೂ ಇರಲಿಲ್ಲ. “ಹೊಟ್ಟೆಕಿಚ್ಚಿನವರು. ಹೊಗಳಿ ತಗಲಿಹಾಕೋದು ಅವರಿಗೆ ಹೊಸದೇನಲ್ಲ.”

ಮುದುಕ ಜೋಡನ್ನು ಕೈಗೆ ತೆಗೆದುಕೊಂಡನು. ಹೊರಗಿನಿಂದ ನೋಡಿದರೆ ಹತ್ತರ ಜೊತೆ ಹನ್ನೊಂದು. ಒಳಗೆ ಬೆರಳು ಹಾಕಿದರೆ ಮಾತ್ರ ಹಿಮ್ಮಡಿಯ ಕೆಳಗೆ ಎರಡು ಬೆರಳು ದಪ್ಪದ ಬೆಂಡು ಸಿಗುತ್ತಿತ್ತು. ತಂಗಿಯ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಕುಪ್ಪಳಿಸಿ ನಡೆಯುತ್ತಿದ್ದ ಮಗುವನ್ನು ಮನೆಯವರು ಗುಬ್ಬಿ ಎಂದು ಕರೆದರು. ನೋಡುವವರು ಕುಂಟಿ ಎನ್ನಬಾರದೆಂದು ಹದಿನೆಂಟರ ಅಣ್ಣ ಬೆಂಡನ್ನು ಒಳಗೆ ಅಡಗಿಸಿ ಹೊಲಿದುಕೊಟ್ಟನು. ಅದೇ ಅವನ ಕೈಯ ಮೊದಲ ಕೆಲಸ. ಗಡಿಯ ಈಚೆ ಬಂದು ನೆಲೆಸಿದ ಮೇಲೂ ವರ್ಷಕ್ಕೊಂದು ಜೊತೆ ತಪ್ಪದೆ ಬಸ್ಸಿನವರ ಕೈಯಲ್ಲಿ ಆಚೆ ಹೋಗುತ್ತಿತ್ತು. ತಂಗಿಯನ್ನು ಕರೆಸಿಕೊಳ್ಳಲು ಮೂರು ಸಲ ಹಾಕಿದ ಅರ್ಜಿ ಮಾತ್ರ ಹೋದ ಹಾಗೆಯೇ ಮರಳಿ ಬಂದಿತ್ತು.

ಮಗುಚಿ ಅಟ್ಟೆ ನೋಡಿದನು. ಹಿಮ್ಮಡಿ ಅಷ್ಟೇನೂ ಸವೆದಿರಲಿಲ್ಲ. ಬೆರಳಿನ ಕಡೆ ತೊಗಲು ಉಜ್ಜಿ ಉಜ್ಜಿ ಕಾಗದದಷ್ಟು ತೆಳುವಾಗಿತ್ತು. ಕಾಲೆತ್ತಲಾರದೆ ಎಳೆದುಕೊಂಡು ಬಂದಿದ್ದಾಳೆ. ಬಹಳ ದೂರ ಎಳೆದುಕೊಂಡು ಬಂದಿದ್ದಾಳೆ. ಹೊಲಿಗೆ ಒಂದೂ ಬಿಟ್ಟಿರಲಿಲ್ಲ.

ಪೊಲೀಸಿನವನು ದನಿ ತಗ್ಗಿಸಿದನು. “ನೋಡಿ, ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತಲೇ ಬರ್ಕೊಂಡು ಹೋಗ್ತೀನಿ. ವಾರಸುದಾರರಿಲ್ಲ ಅಂತ ನಂಬರ್ ಹಾಕಿ ನಗರಸಭೆಯವರೇ ಮಣ್ಣು ಮಾಡ್ತಾರೆ. ಹೊಸ ಮಸೂದೆ ವಿಷಯ ಕೇಳಿದ್ದೀರಲ್ಲ, ಮುಂದಿನ ವಾರ ಸದನದಲ್ಲಿ ಮತಕ್ಕೆ ಬರುತ್ತೆ. ಕದ್ದು ದಾಟಿದವರಿಗೆ ಐದು ವರ್ಷ, ಗೊತ್ತಿದ್ದೂ ನೆರವಾದವರಿಗೆ ಹತ್ತು. ಇವತ್ತಿಗೆ ಎಚ್ಚರಿಕೆ ಕೊಟ್ಟು ಬಿಡ್ತಾರೆ. ಅದು ಪಾಸಾದ್ರೆ, ಇವತ್ತು ಬರೆದುಕೊಟ್ಟ ಹೇಳಿಕೆ ಯಾವ ಕಡೆ ತಿರುಗುತ್ತೋ ನಾನು ಹೇಳಲಾರೆ.”

“ಹತ್ತೇ?” ಎಂದನು ಮುದುಕ. “ನನಗೀಗ ಎಪ್ಪತ್ತೊಂದು. ದೇವರು ಕೊಡ್ತಾನೋ ಇಲ್ಲವೋ ಅನ್ನೋ ಆಯಸ್ಸನ್ನ ಸರ್ಕಾರ ಬರೆದೇ ಕೊಡ್ತಿದೆ.”

“ಸುಮ್ನಿರಪ್ಪಾ.” ಮಗಳು ಯಂತ್ರ ಬಿಟ್ಟು ಎದ್ದಳು. “ಈಗ ನೀನು ಒಪ್ಪಿಕೊಂಡ್ರೆ ಅತ್ತೆ ಎದ್ದು ಬರ್ತಾಳಾ?”

ಅತ್ತೆ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಅರಿವಾಯಿತು. ಪೊಲೀಸಿನವನು ಕೇಳಿಸದವನಂತೆ ಬೀದಿಯ ಕಡೆ ನೋಡುತ್ತ ಕೂತನು.

“ಬರಲ್ಲ ಮಗಳೇ. ಹೋಗೋದಕ್ಕಾದ್ರೂ ಅವಳಿಗೊಂದು ಹೆಸರು ಬೇಡವಾ? ನಂಬರ್ ನೆಟ್ಟ ಕಡೆ ನಿಂತು ನಾನು ಯಾರಿಗೋಸ್ಕರ ಅಂತ ದೇವರನ್ನ ಕೇಳಲಿ?” ಮುದುಕ ಪೊಲೀಸಿನವನ ಕಡೆ ತಿರುಗಿದನು. “ಬರ್ಕೊಳ್ಳಿ. ಅವಳು ನನ್ನ ಒಡಹುಟ್ಟಿದ ತಂಗಿ. ಜೋಡು ನಾನೇ ಹೊಲಿದದ್ದು. ಈ ಸಲ ಅಟ್ಟೆ ದಪ್ಪ ಇರಲಿ ಅಣ್ಣ, ದೂರ ಇದೆ, ಅಂತ ಹೇಳಿ ಕಳಿಸಿದ್ಳು. ಯಾತಕ್ಕೆ ಅಂತ ನನಗೆ ಗೊತ್ತಿತ್ತು.”

ಪೊಲೀಸಿನವನು ನಿಟ್ಟುಸಿರು ಬಿಟ್ಟು ಬರೆದನು. ಬರೆದದ್ದನ್ನು ಓದಿ ಹೇಳಿದನು: “ಸದರಿ ಮಹಿಳೆಯು ಅಕ್ರಮವಾಗಿ ನುಸುಳಲು ಅನುಕೂಲವಾಗುವಂತೆ ಪಾದರಕ್ಷೆಗಳನ್ನು ತಯಾರಿಸಿ ಕೊಟ್ಟಿರುತ್ತೇನೆ.”

“ನುಸುಳೋಕೆ ಅಲ್ಲ, ನಡೆಯೋಕೆ,” ಎಂದನು ಮುದುಕ. “ನುಸುಳೋದಕ್ಕೆ ಜೋಡು ಯಾಕೆ ಬೇಕು? ಇಲಿಗೆ ಯಾರಾದ್ರೂ ಜೋಡು ಹೊಲೀತಾರಾ? ಹುಟ್ಟಿದಾಗಿಂದ ಅವಳು ನಡೆಯಲಿ ಅಂತಲೇ ಹೊಲಿದದ್ದು. ಹಾಗೇ ಬರೀರಿ. ಆಮೇಲೆ ರುಜು ಹಾಕ್ತೀನಿ.”

ಪೊಲೀಸಿನವನು ಪೆನ್ನನ್ನು ತಿರುಗಿ ಕಾಗದಕ್ಕೆ ತಂದನು. ‘ನುಸುಳಲು’ ಎಂಬ ಪದದ ಮೇಲೆ ಗೀಟು ಬಿತ್ತು. ಮುದುಕ ರುಜು ಹಾಕಿ ತಲೆಯೆತ್ತುವಷ್ಟರಲ್ಲಿ ಮಗಳು ಗೂಟದಿಂದ ಅವನ ಕೋಟು ತೆಗೆದು ಹಿಡಿದು ನಿಂತಿದ್ದಳು.

“ಅತ್ತೇನ ಬಿಡಿಸಿಕೊಳ್ಳೋಕೆ ಇನ್ನೊಬ್ಬರ ರುಜು ಬೇಕಾಗುತ್ತಲ್ಲ ಸಾರ್? ಅದು ನಂದು. ನಡೀರಿ.”

“ಜೋಡು?” ಎಂದು ಕೇಳಿದನು ಮುದುಕ.

“ಇದೂ, ಠಾಣೇಲಿರೋ ಬಲಗಾಲಿಂದೂ ಎರಡೂ ಸಾಕ್ಷಿ, ಯಜಮಾನ್ರೇ. ಕೇಸು ಮುಗಿಯೋ ತನಕ ಠಾಣೆಯಲ್ಲೇ ಇರಬೇಕು.” ಪೊಲೀಸಿನವನು ಅದನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದನು.

ಹಾಗಾಗಿ ಮರುದಿನ ಗುಬ್ಬಿ ಬರಿಗಾಲಲ್ಲೇ ಹೊರಟಳು. ಮಣ್ಣಿಗಿಡುವ ಮುನ್ನ ಮುದುಕ ಮೊಣಕಾಲೂರಿ, ಐವತ್ತು ವರ್ಷಗಳಿಂದ ಅಳತೆ ಬಲ್ಲ ಆ ಎಡಪಾದವನ್ನು ಎರಡೂ ಅಂಗೈಗಳಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದನು.

“ದೇವರೇ, ನನ್ನ ತಂಗಿ ನಿನ್ನ ಬಾಗಿಲಿಗೆ ಬಂದಿದ್ದಾಳೆ. ಜೋಡು ಹೊರಗೇ ಬಿಟ್ಟು ಬಂದಿದ್ದಾಳೆ. ಬಹಳ ದಣಿದಿದ್ದಾಳೆ ತಂದೆ, ಒಳಗೆ ಕರೆದುಕೊ.”