ನಾರುವ ಯಮಪುರಿ

ಹೆಣ್ಣು ನೋಡುವ ದಿನ ಪಡಸಾಲೆಯಲ್ಲಿ ಕೈಯಿಂದ ಬರೆದ ಯಮಪುರಿಯ ಪಟವೇ ತೂಗಬೇಕು. ಪಾಪಿ ಎದುರಿಗೆ ಬಂದರೆ ಅದರಲ್ಲಿ ಅವನ ಪಾಪದ ಶಿಕ್ಷೆಯ ಚಿತ್ರ ನಾರುತ್ತದೆ; ಅಚ್ಚಿನ ಪಟ ಎಂಥ ಪಾಪಿ ಕೂತರೂ ನಾರುವುದಿಲ್ಲ. ಹಳೆಯ ಪಟ ನೋಡಿ ಗೆರೆ ತಪ್ಪದಂತೆ ನಕಲು ಬರೆದುಕೊಟ್ಟ ಚಿತ್ರಗಾರ ಏಕಪ್ಪ ತೂಗುತ್ತಿದ್ದ ಪಟದ ಪಕ್ಕದಲ್ಲೇ ನಿಂತಿದ್ದ.

ಎರಡನೇ ಮದುವೆಗೆ ಬಂದ ವರ ಉಪ್ಪಿಟ್ಟಿಗೆ ಕೈ ಹಾಕಿದ್ದೇ ತಡ, ಹೆಂಡತಿಯನ್ನು ಬಡಿದು ಕೊಂದವನನ್ನು ಎಣ್ಣೆಯಲ್ಲಿ ಕುದಿಸುವ ಚಿತ್ರದಿಂದ ಸತ್ತ ಹೆಗ್ಗಣದ ನಾತ ಗಪ್ಪನೆ ಎದ್ದಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ವರ ಮಾತ್ರ ತಿನ್ನುತ್ತಲೇ ಇದ್ದ. ಅವನು ಬೆರಳು ನೆಕ್ಕುವುದನ್ನು ಕಂಡು ಏಕಪ್ಪ ಮುಖ ತಿರುಗಿಸಿದ. ಸದ್ಯ, ಹುಡುಗಿ ಬದುಕಿದಳು ಎಂದುಕೊಂಡ.

ಹುಡುಗಿಯ ಅಪ್ಪ ಶಾಂತವೀರಪ್ಪ ನಗುತ್ತಲೇ ಎದ್ದ. "ಏನಿಲ್ಲ ಬಿಡ್ರಿ, ಬಣ್ಣದಾಗಿನ ಅಂಟು ಕೊಳತೈತಿ" ಎಂದು ಬೀಗರಿಗೆ ಹೇಳಿ, ಪಟದ ಹತ್ತಿರ ಬಂದು ಏಕಪ್ಪನ ಕಿವಿಗೆ ಬಾಗಿದ.

"ಇದನ್ನ ಇಳಿಸೋ ಏಕಪ್ಪ, ಅಚ್ಚಿಂದೊಂದು ಹಾಕು. ಹನ್ನೆರಡು ಎಕರೆ ನನ್ನ ಹೆಸರಿಗೆ ಬರೀತಾನ."

ಮತ್ತೊಂದು ನಾತ ಎದ್ದಿತು, ಮೊದಲಿನದಕ್ಕಿಂತ ಹೊಲಸು. ಈ ಸಲ ಅದು ಪಟದ ಕೆಳಮೂಲೆಯಿಂದ, ಮಗಳನ್ನು ಮಾರಿದವನನ್ನು ಹುಳುಗಳು ಮುಕ್ಕುವ ಚಿತ್ರದಿಂದ ಬಂದಿತ್ತು.

ಒಳಬಾಗಿಲಲ್ಲಿದ್ದ ಮಗಳು ಸುವರ್ಣಾ ಚಹಾದ ತಟ್ಟೆ ಕೆಳಗಿಟ್ಟು, ಅಪ್ಪನನ್ನೇ ನೋಡುತ್ತ ಸೆರಗಿನಿಂದ ಮೂಗು ಮುಚ್ಚಿಕೊಂಡಳು.