ತೇವವಿಲ್ಲದ ಗೋಡೆ

"ಈ ಮೂಲೇಲಿ ತೇವ ಇದೆಯಾ, ಮೇಡಂ?" ಎಂದು ಬೆಲೆ ಕಟ್ಟಲು ಬಂದ ಮಾಲೀಕರ ಕಡೆಯವನು ಕೇಳಿದ. ಲಂಡನ್ನಿನ ಆ ಫ್ಲ್ಯಾಟಿನ ಗುತ್ತಿಗೆಯನ್ನು ಮ್ಯೂರಿಯಲ್ ಅಜ್ಜಿ ಮೊಮ್ಮಗಳಿಗಾಗಿ ಇನ್ನಷ್ಟು ವರ್ಷಗಳಿಗೆ ವಿಸ್ತರಿಸಿಕೊಳ್ಳಬೇಕಿತ್ತು. ಅದಕ್ಕೆ ಮಾಲೀಕರಿಗೆ ಕಟ್ಟಬೇಕಾದ ಹಣ ಮನೆಯ ಬೆಲೆಯನ್ನೇ ಅವಲಂಬಿಸಿತ್ತು; ಮನೆ ಹಾಳಾಗಿ ಕಂಡಷ್ಟೂ ಅಗ್ಗ. "ಬಾಯಿ ಮುಚ್ಕೊಂಡಿರಮ್ಮಾ" ಎಂದು ಮಗಳು ಲೋರ್ನಾ ಬೆಳಗ್ಗೆಯೇ ಗದರಿಸಿದ್ದಳು.

"ತೇವವಾ? ನಲವತ್ತು ವರ್ಷ ಒರೆಸಿ ಒರೆಸಿ ಗೋಡೇನೇ ಅರ್ಧ ಸವೆದಿದೆ! ಥೇಮ್ಸ್ ನದೀನೇ ಉಕ್ಕಿ ಬಂದ್ರೂ ಒಂದು ಹನಿ ಒಳಗೆ ಇಳಿಯಲ್ಲ ಕಣಪ್ಪಾ. ಮುಟ್ಟಿ ನೋಡು!"

ಅವನು ಮುಟ್ಟಿದ, ನಕ್ಕ, ಏನೋ ಬರೆದುಕೊಂಡು ಹೋದ.

"ನೀನೇ ಬೆಲೆ ಏರಿಸಿಬಿಟ್ಯಲ್ಲಮ್ಮಾ! ಇನ್ನು ಅಷ್ಟು ದುಡ್ಡು ಎಲ್ಲಿಂದ ತಂದು ಕಟ್ಟೋದು?" ಎಂದಳು ಲೋರ್ನಾ.

ಅಜ್ಜಿ ತಲೆ ತಗ್ಗಿಸಿದಳು. "ನಿಮ್ಮಪ್ಪ ಕೈಯಾರೆ ಗಾರೆ ಮಾಡಿದ ಗೋಡೆ ಕಣೇ. ಅದರೆದುರಿಗೇ ನಿಂತು ಅದನ್ನ ಹಳಿಯೋಕೆ ಬಾಯಿ ಬರ್ಲಿಲ್ಲ."

ಬೈಯಲು ಹೊರಟಿದ್ದ ಲೋರ್ನಾ ಮೆಲ್ಲಗೆ ಗೋಡೆಯ ಮೇಲೆ ಅಂಗೈ ಇಟ್ಟಳು.