ತೇಲಿದ ಯಕೃತ್ತು

ಮೀನಿನ ಹೊಟ್ಟೆ ಸೀಳಿ ಒಳಗೆ ಬೆರಳಿಟ್ಟವಳು ಹಾಗೇ ನಿಂತಳು. ಕಡುಗೆಂಪಾಗಿರಬೇಕಿದ್ದ ಯಕೃತ್ತು ಬೆಣ್ಣೆಯಂತೆ ಹಳದಿಗಟ್ಟಿತ್ತು. ಮುಟ್ಟಿದ ಹೆಬ್ಬೆರಳಿಗೆ ಜಿಡ್ಡು ಹತ್ತಿತು. ವಾರಕ್ಕೊಮ್ಮೆ ಕೊಳದಿಂದ ಒಂದು ಮೀನು ತೆಗೆದು ಹೀಗೆ ಸೀಳಿ ನೋಡುವುದು ಅತ್ತೆ ಕಲಿಸಿಹೋದ ಅಭ್ಯಾಸ.

"ಏನತ್ತಿಗೆ, ಹೇಗಿದ್ದಾನೆ ನನ್ನ ಪೈಲ್ವಾನ?" ಬಾಗಿಲಲ್ಲಿ ಮೈದುನ ನಗುತ್ತಿದ್ದ. ಮೀನು ಬೇಗ ದಪ್ಪಗಾಗಲೆಂದು ಮೇವಿಗೆ ಎಣ್ಣೆ ಬೆರೆಸುವಂತೆ ಮಾಡಿದವನು ಅವನೇ. "ಎರಡೇ ತಿಂಗಳಲ್ಲಿ ಎಷ್ಟು ದುಂಡಗಾಗಿವೆ ನೋಡಿ."

"ಈ ವಾರ ನಾಲ್ಕು ಸತ್ತವಲ್ಲ?"

"ಸೆಖೆಗೆ ಸತ್ತಿರುತ್ವೆ ಬಿಡಿ. ನಿಮಗೆ ಹಾಲಲ್ಲೂ ಹುಳ ಕಾಣುತ್ತೆ."

ಅವಳು ಯಕೃತ್ತನ್ನು ನೀರಿನ ಬಟ್ಟಲಿಗೆ ಹಾಕಿದಳು. ಮುಳುಗಬೇಕಾದದ್ದು ಕೊಬ್ಬು ತುಂಬಿ ತೇಲಿತು. ಮೈದುನ ಆಗಲೇ ಶಿಳ್ಳೆ ಹಾಕುತ್ತ ಹೊರಟುಹೋಗಿದ್ದ. ಹೀಗೇ ಬಿಟ್ಟರೆ ಕೊಳದ ಮೀನೆಲ್ಲ ಒಂದು ದಿನ ಇದೇ ರೀತಿ ಮೇಲೆ ಬಂದು ತೇಲುತ್ತವೆ. ಅವನೊಂದಿಗೆ ವಾದಕ್ಕಿಳಿದರೆ ತಿಂಗಳು ಹಿಡಿಯುತ್ತದೆ. ಮೇವು ಕಲಸುವ ಕೈಯಂತೂ ತನ್ನದೇ. ಅವಳು ಕೈ ತೊಳೆದು ಮೇವಿನ ಕೋಣೆಗೆ ಹೋದಳು. ಎಣ್ಣೆ ಡಬ್ಬದ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಅಳತೆಯ ಲೋಟವನ್ನು ಅದರ ಮೇಲೆ ಬೋರಲು ಹಾಕಿ, ಮೊದಲಿನ ಹಾಗೆ ಬರೀ ನೀರು ಸೇರಿಸಿ ಮೇವು ಕಲಸತೊಡಗಿದಳು.